ಸಾವಿರ ಗ್ರಹ, ಒಂದೇ ಲ್ಯಾಬ್

ಸ್ಟಾರ್‌ಫೀಲ್ಡ್ ಕೆಟ್ಟ ಗೇಮ್ ಅಲ್ಲ. ನನ್ನ ಸಿಟ್ಟು ಅದಕ್ಕೇ. ಪೂರ್ತಿ ಕೆಟ್ಟದಾಗಿದ್ದರೆ ಒಂದು ಸಂಜೆ ಆಡಿ, ನಕ್ಕು, ಡಿಲೀಟ್ ಮಾಡಿ ಮರೆತುಬಿಡಬಹುದಿತ್ತು. ಇದು ಹಾಗೆ ಬಿಡುವುದಿಲ್ಲ. ಇನ್ನೇನು ಚೆನ್ನಾಗಿ ಆಗುತ್ತದೆ, ಇನ್ನೊಂದು ಸ್ವಲ್ಪ ಹೊತ್ತು ನೋಡೋಣ ಅಂತ ಆಸೆ ಹುಟ್ಟಿಸುತ್ತಲೇ ಇರುತ್ತದೆ. ಆ ಆಸೆಯಲ್ಲೇ ನನ್ನ ಒಂದು ಬೇಸಿಗೆ ರಜೆ ಕಳೆದುಹೋಯಿತು.

ನಾನು ಪಾಲಿಟೆಕ್ನಿಕ್‌ನಲ್ಲಿ ಮಷೀನ್ ಡ್ರಾಯಿಂಗ್ ಪಾಠ ಮಾಡುವವನು. ಈ ಮೇಷ್ಟ್ರು ಗೇಮ್ ಆಡುತ್ತಾರೆ ಅಂತ ಹುಡುಗರಿಗೆಲ್ಲ ಗೊತ್ತು. ಹೊಸದೇನಾದರೂ ಬಂದರೆ "ಸರ್, ತಗೋಬಹುದಾ?" ಅಂತ ಕೇಳಿಕೊಂಡು ಬರುತ್ತಾರೆ. ಪ್ಲೇಸ್ಟೇಷನ್ 5ರ ದೊಡ್ಡ ಗೇಮ್ ಅಂದರೆ ಇಲ್ಲಿ ಸುಮಾರು ಐದು ಸಾವಿರ ರೂಪಾಯಿ. ಮನೆಯಲ್ಲಿ ಅಷ್ಟು ದುಡ್ಡು ಕೇಳಿ, ಬೈಸಿಕೊಂಡು, ಕೊನೆಗೂ ಕೊಂಡ ಗೇಮ್ ಸಪ್ಪೆಯಾಗಿದ್ದರೆ ಆ ಹುಡುಗನ ಮುಖ ನೋಡೋಕಾಗಲ್ಲ. ಅದಕ್ಕೇ ನಾನು ಅವರಿಗೆ ಒಂದೇ ಪ್ರಶ್ನೆ ಹಾಕುತ್ತೇನೆ. ಟ್ರೇಲರ್ ಬಿಡು, ಗ್ರಾಫಿಕ್ಸ್ ಬಿಡು. ಆ ಗೇಮ್ ನಿನ್ನ ಬೆರಳಿಗೆ ಏನು ಕೆಲಸ ಕೊಡುತ್ತದೆ? ನಿಮಿಷ ನಿಮಿಷಕ್ಕೂ ನೀನು ಮಾಡೋದು ಏನು?

ಸ್ಟಾರ್‌ಫೀಲ್ಡ್‌ಗೆ ಈ ಪ್ರಶ್ನೆ ಹಾಕಿ ನೋಡಿ. ಅದು ಬಾಹ್ಯಾಕಾಶದಲ್ಲಿ ಅಲೆಯುವ ಗೇಮ್, ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ. ಮಾಡಿದ್ದು ಸ್ಕೈರಿಮ್ ಅನ್ನುವ ಹೆಸರಾಂತ ಗೇಮ್ ಮಾಡಿದ ಬೆಥೆಸ್ಡಾ ಕಂಪನಿ. ಸಾವಿರಕ್ಕೂ ಜಾಸ್ತಿ ಗ್ರಹ ಇವೆ ಅಂದಿದ್ದರು. ಸುಳ್ಳಲ್ಲ, ಇವೆ. ಆದರೆ ಒಂದು ಗ್ರಹಕ್ಕೆ ಹೋಗುವುದು ಹೇಗೆ? ಮೆನು ತೆಗೆಯಬೇಕು. ನಕ್ಷತ್ರ ಆರಿಸಬೇಕು. ಗ್ರಹ ಆರಿಸಬೇಕು. ಇಳಿಯುವ ಜಾಗ ಆರಿಸಬೇಕು. ಹಡಗು ಇಳಿಯುವ ಸಣ್ಣ ದೃಶ್ಯ ನೋಡಬೇಕು, ನಡುನಡುವೆ ಲೋಡಿಂಗ್. ಆಕಾಶದಿಂದ ನೆಲದವರೆಗೆ ನೀವೇ ಹಡಗು ಓಡಿಸಿಕೊಂಡು ಬರುವ ಹಾಗಿಲ್ಲ. ಇಳಿದ ಮೇಲೆ ದೂರದಲ್ಲಿ ಒಂದು ಗುರುತು ಕಾಣುತ್ತದೆ. ಅಲ್ಲಿವರೆಗೆ ಕಾಲ್ನಡಿಗೆ. ಬಿಡುಗಡೆಯಾದಾಗ ಓಡಾಡೋಕೆ ಒಂದು ಗಾಡಿಯೂ ಇರಲಿಲ್ಲ. ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವ ಕಾಲದಲ್ಲಿ ಒಂದು ಟಿವಿಎಸ್ ಎಕ್ಸೆಲ್ ಕೂಡ ಉಳಿದಿಲ್ಲವೇ ಅಂತ ನನಗೆ ಅನುಮಾನ. ಗಾಡಿ ಕೊಟ್ಟದ್ದು 2024ರ ಆಗಸ್ಟ್‌ನಲ್ಲಿ, ಹತ್ತಿರ ಹತ್ತಿರ ವರ್ಷ ಕಳೆದ ಮೇಲೆ.

ಸರಿ, ನಡೆದು ಹೋದಿರಿ. ಅಲ್ಲೊಂದು ಪಾಳುಬಿದ್ದ ಕ್ರಯೋ ಲ್ಯಾಬ್, ಅಂದರೆ ಅತಿಶೀತದಲ್ಲಿ ಪ್ರಯೋಗ ಮಾಡುವ ಜಾಗ. ಮೊದಲ ಸಲ ನಿಜಕ್ಕೂ ಚೆನ್ನಾಗಿದೆ. ಮಂಜು ಹಿಡಿದ ಕೋಣೆಗಳು, ಬಿದ್ದಿರುವ ಹೆಣ, ಯಾರೋ ಬರೆದಿಟ್ಟು ಹೋದ ಟಿಪ್ಪಣಿ. ಇಲ್ಲಿ ಏನಾಗಿರಬಹುದು ಅಂತ ಯೋಚಿಸುತ್ತ ಹೊರಗೆ ಬರುತ್ತೀರಿ. ಇನ್ನೊಂದು ನಕ್ಷತ್ರದ ಇನ್ನೊಂದು ಗ್ರಹಕ್ಕೆ ಹೋಗುತ್ತೀರಿ. ಮತ್ತೆ ಅದೇ ಲ್ಯಾಬ್. ಕಟ್ಟಡ ಒಂದೇ ಥರ ಇದ್ದರೆ ಹೋಗಲಿ ಅನ್ನಬಹುದು. ಅದೇ ಮೂಲೆಯಲ್ಲಿ ಅದೇ ಹೆಣ. ಅದೇ ಟಿಪ್ಪಣಿ. ನಮ್ಮ ಹುಡುಗರು ಸೀನಿಯರ್‌ಗಳ ಲ್ಯಾಬ್ ರೆಕಾರ್ಡ್ ಕಾಪಿ ಹೊಡೆಯುತ್ತಾರಲ್ಲ, ರೀಡಿಂಗ್ ಸಮೇತ, ಕೆಲವೊಮ್ಮೆ ಹಳೇ ತಾರೀಖಿನ ಸಮೇತ, ಹಾಗೆ. ಅವರಿಗಾದರೂ ಮಾರನೇ ದಿನ ಇಂಟರ್ನಲ್ಸ್ ಇತ್ತು ಅನ್ನುವ ನೆಪ ಇರುತ್ತದೆ.

ವಿಶೇಷ ಶಕ್ತಿಗಳನ್ನು ಪಡೆಯುವ ಗುಡಿಗಳ ಕಥೆಯೂ ಅಷ್ಟೇ. ಒಳಗೆ ತೇಲಾಡುತ್ತ ಬೆಳಕಿನ ಚುಕ್ಕೆಗಳನ್ನು ಹಿಡಿಯಬೇಕು. ಇಂಥ ಶಕ್ತಿಗಳು 24. ಹೋದ ಗುಡಿಯಲ್ಲೆಲ್ಲ ಅದೇ ಚುಕ್ಕೆ, ಅದೇ ತೇಲಾಟ.

ಗ್ರಹಗಳೆಲ್ಲ ಖಾಲಿ ಖಾಲಿ, ಬೋರ್ ಅಂತ ಜನ ದೂರಿದಾಗ ಕಂಪನಿ ಕಡೆಯಿಂದ ಒಂದು ಉತ್ತರ ಬಂತು. ಚಂದ್ರನ ಮೇಲೆ ಇಳಿದವರಿಗೂ ಅಲ್ಲಿ ಏನೂ ಸಿಗಲಿಲ್ಲ, ಅವರಿಗೇನು ಬೋರ್ ಆಗಿತ್ತಾ ಅನ್ನುವ ಧಾಟಿಯಲ್ಲಿ. ಇದನ್ನು ಓದಿ ನನಗೆ ಮೈ ಉರಿಯಿತು. 1969ರಲ್ಲಿ ಆರ್ಮ್‌ಸ್ಟ್ರಾಂಗ್ ಚಂದ್ರನಿಗೆ ಮೆನು ಒತ್ತಿ ಇಳಿಯಲಿಲ್ಲ ಸ್ವಾಮಿ. ಕಂಪ್ಯೂಟರ್ ಕರೆದುಕೊಂಡು ಹೋಗುತ್ತಿದ್ದ ಜಾಗದ ತುಂಬ ಬಂಡೆ. ಕಂಟ್ರೋಲ್ ತನ್ನ ಕೈಗೆ ತಗೊಂಡ. ಇಂಧನ ಮುಗಿಯುತ್ತ ಬಂದಿತ್ತು. ಬಂಡೆಗಳನ್ನು ದಾಟಿಸಿ ಇಳಿಸಿದ. ನೆಲದ ಮೇಲೆ ಏನಿತ್ತು ಅನ್ನುವುದು ಆಮೇಲಿನ ಮಾತು. ಅವನ ಬೆರಳಿಗೆ ಕೆಲಸ ಇತ್ತಲ್ಲ! ಸ್ಟಾರ್‌ಫೀಲ್ಡ್ ಅದೇ ಭಾಗವನ್ನು ಕತ್ತರಿಸಿ ಎಸೆದು, ಖಾಲಿ ನೆಲವನ್ನು ಮಾತ್ರ ನಮಗೆ ಕೊಟ್ಟಿದೆ.

ಇಷ್ಟೆಲ್ಲದರ ನಡುವೆ ಹಡಗು ಕಟ್ಟುವ ಭಾಗ ಮಾತ್ರ ಬಂಗಾರ. ರಿಯಾಕ್ಟರ್ ಎಲ್ಲಿ, ಎಂಜಿನ್ ಎಲ್ಲಿ, ಲ್ಯಾಂಡಿಂಗ್ ಗೇರ್ ಎಷ್ಟು ಬೇಕು, ತೂಕ ಜಾಸ್ತಿಯಾದರೆ ಹಡಗು ಎಷ್ಟು ನಿಧಾನವಾಗಿ ತಿರುಗುತ್ತದೆ, ಎಲ್ಲಾ ನೀವೇ ನೋಡಿಕೊಳ್ಳಬೇಕು. ಡ್ರಾಯಿಂಗ್ ಮೇಷ್ಟ್ರಿಗೆ ಇನ್ನೇನು ಬೇಕು? ಕೂತು ಕೂತು ಕಟ್ಟಿದೆ. ಕಟ್ಟಿ ಮುಗಿಸಿದ ಮೇಲೆ ಆ ಹಡಗಲ್ಲಿ ಹೋಗುವುದು ಎಲ್ಲಿಗೆ? ಮೆನುವಿಗೆ.

ನಮ್ಮದೇ ನೆಲದ ಒಂದು ಗೇಮ್ ಬಗ್ಗೆ ನನಗೆ ಇದಕ್ಕಿಂತ ಹೆಚ್ಚು ಬೇಜಾರಿದೆ. ಫೌಜಿ. 2020ರ ಸೆಪ್ಟೆಂಬರ್ 2ಕ್ಕೆ ಪಬ್‌ಜಿ ಮೊಬೈಲ್ ಬ್ಯಾನ್ ಆಯಿತು. ಎರಡೇ ದಿನಕ್ಕೆ ಅಕ್ಷಯ್ ಕುಮಾರ್ ಈ ಗೇಮ್ ಬರುತ್ತಿದೆ ಅಂತ ಟ್ವೀಟ್ ಮಾಡಿದರು. ಮಾಡುತ್ತಿದ್ದದ್ದು ಬೆಂಗಳೂರಿನ ಎನ್‌ಕೋರ್ ಗೇಮ್ಸ್. ಬಂದ ಆದಾಯದಲ್ಲಿ ಶೇ. 20 ಭಾಗ ಹುತಾತ್ಮ ಯೋಧರ ಕುಟುಂಬಗಳ ನಿಧಿಗೆ ಅಂತಲೂ ಹೇಳಿದರು. 2021ರ ಗಣರಾಜ್ಯೋತ್ಸವದ ದಿನ ಬಿಡುಗಡೆ. ನಮ್ಮ ಹುಡುಗರ ಖುಷಿ ನೋಡಬೇಕಿತ್ತು. ಪಬ್‌ಜಿ ಹೋಗಿ ಹತ್ತಿರ ಹತ್ತಿರ ಐದು ತಿಂಗಳಾಗಿತ್ತು, ಬೆರಳು ತುರಿಸುತ್ತಿದ್ದವು.

ಗಾಲ್ವಾನ್ ಕಣಿವೆ. ನಮ್ಮ ಸೈನಿಕರು, ಎದುರಿಗೆ ಚೀನಾದವರು. ಬಂದೂಕು ಇಲ್ಲ, ಕೈಕೈ ಹೊಡೆದಾಟ. ಗನ್ ಇಲ್ಲದ ಸೇನಾ ಗೇಮ್ ಯಾವುದು ಅಂತ ತುಂಬಾ ಜನ ಆಡಿಕೊಂಡರು. ನಾನು ಆಡಿಕೊಳ್ಳಲಿಲ್ಲ. 2020ರ ಜೂನ್‌ನಲ್ಲಿ ಅಲ್ಲಿ ನಡೆದದ್ದೇ ಹಾಗೆ. ಗಡಿಯಲ್ಲಿ ಗುಂಡು ಹಾರಿಸಬಾರದು ಅನ್ನುವ ಹಳೆಯ ಒಪ್ಪಂದ ಇದೆ. ರಾತ್ರಿಯ ಹೊತ್ತು, ಕೊರೆಯುವ ಚಳಿಯ ಹೊಳೆ ದಡದಲ್ಲಿ, ಕಲ್ಲು ದೊಣ್ಣೆಗಳಲ್ಲಿ ಹೊಡೆದಾಟವಾಯಿತು. ನಮ್ಮ 20 ಯೋಧರು ತೀರಿಕೊಂಡರು. ಯೋಚಿಸಿ ನೋಡಿ, ಇದನ್ನು ಸರಿಯಾಗಿ ಗೇಮ್ ಮಾಡಿದ್ದರೆ ಹೇಗಿರುತ್ತಿತ್ತು? ಆ ಎತ್ತರದಲ್ಲಿ ನಾಲ್ಕು ಹೆಜ್ಜೆ ಓಡಿದರೆ ಉಸಿರು ಸಿಗುವುದಿಲ್ಲ. ಚಳಿಗೆ ಕೈ ಮರಗಟ್ಟುತ್ತದೆ. ಪಕ್ಕದಲ್ಲಿ ಜಾರುವ ದಡ. ಪ್ರತಿ ಏಟೂ ಲೆಕ್ಕ ಹಾಕಿ ಹೊಡೆಯಬೇಕು. ಜಗತ್ತಿನಲ್ಲಿ ಬೇರೆ ಯಾರ ಹತ್ತಿರವೂ ಇಲ್ಲದ ಐಡಿಯಾ ನಮ್ಮವರ ಕೈಯಲ್ಲಿತ್ತು.

ಕೈಗೆ ಬಂದದ್ದು ಏನು? ಹೊಡೆಯೋಕೆ ಒಂದು ಬಟನ್, ತಡೆಯೋಕೆ ಇನ್ನೊಂದು. ವೈರಿಗಳು ಸರದಿಯಲ್ಲಿ ನಿಂತವರ ಹಾಗೆ ಬರುತ್ತಾರೆ. ಒತ್ತುತ್ತಾ ಇದ್ದರೆ ಬೀಳುತ್ತಾ ಇರುತ್ತಾರೆ. ಸ್ವಲ್ಪ ಮುಂದೆ ನಡೆದರೆ ಮತ್ತೊಂದು ಗುಂಪು. ನಡುವೆ ಬೆಂಕಿ ಕಾಯಿಸಿಕೊಂಡು ಕೂತರೆ ಹೆಲ್ತ್ ತುಂಬುತ್ತದೆ. ಆ ಬೆಂಕಿ ನನಗೆ ಇಷ್ಟವಾಯಿತು. ಚಳಿ ಅನ್ನುವುದು ಆಟದೊಳಗೆ ಬಂದದ್ದು ಅಲ್ಲಿ ಮಾತ್ರ. ಕೆಲವೇ ದಿನಗಳಲ್ಲಿ ಪ್ಲೇ ಸ್ಟೋರ್ ರೇಟಿಂಗ್ ಮೂರರ ಆಸುಪಾಸಿಗೆ ಇಳಿಯಿತು. ಜನ ಗೆಳೆಯರ ಜೊತೆ ಆಡುವ ಮಲ್ಟಿಪ್ಲೇಯರ್‌ಗೆ ಕಾದಿದ್ದರು. ಎರಡು ತಂಡ ಎದುರುಬದುರಾಗುವ ಟೀಮ್ ಡೆತ್‌ಮ್ಯಾಚ್ ಬಂದದ್ದು ಜೂನ್‌ನಲ್ಲಿ. ಜುಲೈಗೆ ಪಬ್‌ಜಿಯೇ ಬಿಜಿಎಂಐ ಅನ್ನುವ ಹೊಸ ಹೆಸರಲ್ಲಿ ವಾಪಸ್ ಬಂತು. ಆಮೇಲೆ ನಮ್ಮ ಕಾಲೇಜಲ್ಲಿ ಫೌಜಿ ಸುದ್ದಿ ಎತ್ತಿದವರನ್ನು ನಾನು ಕಾಣೆ. ಇನ್ನೂ ಒಂದು ವರ್ಷ ತಗೊಂಡು ಮಾಡಿದ್ದರೆ? ದೇಶಭಕ್ತಿಗೆ ಬಿಡುಗಡೆಯ ತಾರೀಖು ಹಾಕಿದ್ದೇ ತಪ್ಪಾಯಿತು ಅಂತ ನನ್ನ ಅಭಿಪ್ರಾಯ.

ಹಾಗಂತ ಜಾಸ್ತಿ ವರ್ಷ ಕೊಟ್ಟರೆ ಒಳ್ಳೆಯದಾಗುತ್ತದೆ ಅಂತಲೂ ಇಲ್ಲ. ಯೂಬಿಸಾಫ್ಟ್‌ನವರ ಸ್ಕಲ್ ಆಂಡ್ ಬೋನ್ಸ್ 2017ರಲ್ಲಿ ಘೋಷಣೆಯಾಗಿ 2024ರ ಫೆಬ್ರವರಿಯಲ್ಲಿ ಬಂತು. ದೊಡ್ಡ ಬಜೆಟ್ಟಿನ ಗೇಮ್‌ಗಳಿಗೆ ಹೇಳುವ ತ್ರಿಬಲ್ ಎ ಅನ್ನುವುದು ಸಾಲದೆ ಕಂಪನಿಯ ಮುಖ್ಯಸ್ಥರು ಇದನ್ನು ಕ್ವಾಡ್ರಪಲ್ ಎ ಗೇಮ್ ಅಂದರು. ಕಡಲ್ಗಳ್ಳರ ಆಟ. ಇದೇ ಕಂಪನಿ 2013ರಲ್ಲಿ ಮಾಡಿದ ಬ್ಲ್ಯಾಕ್ ಫ್ಲ್ಯಾಗ್‌ನಲ್ಲಿ ಹಡಗು ನಡೆಸುತ್ತ, ಚುಕ್ಕಾಣಿ ಬಿಟ್ಟು ನೀರಿಗೆ ಹಾರಬಹುದಿತ್ತು. ವೈರಿ ಹಡಗಿಗೆ ಹಗ್ಗದಲ್ಲಿ ಜೀಕಿ ಕತ್ತಿ ಹಿಡಿದು ಹೊಡೆದಾಡಬಹುದಿತ್ತು. ಹತ್ತು ವರ್ಷ ಬಿಟ್ಟು ಬಂದ ಹೊಸ ಗೇಮ್‌ನಲ್ಲಿ ಇನ್ನೊಂದು ಹಡಗು ಹತ್ತುವುದು ಸುಮ್ನೆ ಒಂದು ವಿಡಿಯೊ. ಮರ ಕಡಿಯಬೇಕು ಅಂದರೆ ಹಡಗಲ್ಲೇ ನಿಂತು, ದಡದ ಕಡೆ ನೋಡಿ, ಗೆರೆಯ ಮೇಲೆ ಓಡುವ ಗುರುತನ್ನು ಸರಿಯಾದ ಕ್ಷಣಕ್ಕೆ ಒತ್ತಬೇಕು. ಮರ ತಾನಾಗಿ ಬರುತ್ತದೆ! ಹಾಯಿ ಪೂರ್ತಿ ಬಿಚ್ಚಿ ವೇಗವಾಗಿ ಹೋದರೆ ನಾವಿಕರಿಗೆ ಸುಸ್ತಾಗುತ್ತದೆ, ಅವರಿಗೆ ಊಟ ಹಾಕಬೇಕು. ಗಾಳಿಗೆ ಓಡುವ ಹಡಗು ಅದು, ಹುಟ್ಟು ಹಾಕುವ ದೋಣಿಯಲ್ಲ.

ಇನ್ನೊಂದು ಹೊಟ್ಟೆಯುರಿ ಇದೆ. ಈ ಆಟ ನಡೆಯುವುದು 17ನೇ ಶತಮಾನದ ಹಿಂದೂ ಮಹಾಸಾಗರದಲ್ಲಿ. ನಮ್ಮ ಸಮುದ್ರ. ಕಾಳುಮೆಣಸಿನ ಸಮುದ್ರ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದದ್ದು ಇದೇ ವ್ಯಾಪಾರದಿಂದ. 1665ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ಬಸ್ರೂರಿನ ಮೇಲೆ ದಾಳಿ ಮಾಡಿದ್ದು ಇದೇ ಕರಾವಳಿಯಲ್ಲಿ. ಗೇಮ್ ಬಂದಾಗ ಮ್ಯಾಪ್‌ನಲ್ಲಿ ಇದ್ದದ್ದು ಆಫ್ರಿಕಾದ ಕರಾವಳಿ, ಈಸ್ಟ್ ಇಂಡೀಸ್, ನಡುವೆ ಒಂದಷ್ಟು ನೀರು. ಮೆಣಸು ಬೆಳೆದ ಊರುಗಳನ್ನೇ ಬಿಟ್ಟು ಮೆಣಸಿನ ದಾರಿಯಲ್ಲಿ ದರೋಡೆ ಮಾಡಿ ಅಂದರೆ ಹೇಗೆ?

ಜಿಟಿಎ ಟ್ರಿಲಜಿಯ ಡೆಫಿನಿಟಿವ್ ಎಡಿಷನ್ ಬಗ್ಗೆ ಬರೆಯದೆ ಬಿಟ್ಟರೆ ನನ್ನ ವಯಸ್ಸಿನವರು ಕ್ಷಮಿಸುವುದಿಲ್ಲ. ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ವೈಸ್ ಸಿಟಿ ಆಡಿದ ತಲೆಮಾರು ನಮ್ಮದು. 2021ರ ನವೆಂಬರ್‌ನಲ್ಲಿ ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್ ಸೇರಿ ಮೂರು ಹಳೇ ಜಿಟಿಎ ಗೇಮ್‌ಗಳಿಗೆ ಹೊಸ ಬಟ್ಟೆ ಹಾಕಿ ತಂದರು. ಮಳೆ ಬಿಳಿ ಗೆರೆಗಳ ಹಾಗೆ ಸುರಿದು ರಸ್ತೆಯೇ ಕಾಣುತ್ತಿರಲಿಲ್ಲ. ಹಳೇ ಸ್ಯಾನ್ ಆಂಡ್ರಿಯಾಸ್‌ನಲ್ಲಿ ದೂರದ್ದೆಲ್ಲ ಮಂಜಿನಲ್ಲಿ ಮುಚ್ಚಿರುತ್ತಿತ್ತು. ಅಂದಿನ ಯಂತ್ರಗಳಿಗೆ ಅಷ್ಟು ದೂರ ತೋರಿಸುವ ತಾಕತ್ತಿರಲಿಲ್ಲ, ಅದಕ್ಕೆ ಆ ಮಂಜು. ಹೊಸದರಲ್ಲಿ ಮಂಜು ತೆಗೆದರು. ಒಂದು ರಾಜ್ಯದಷ್ಟು ದೊಡ್ಡದು ಅಂತ ನಾವು ನಂಬಿದ್ದ ಜಾಗ ಇಷ್ಟೇ ಇಷ್ಟು, ಬೆಟ್ಟದ ತುದಿಯಿಂದ ಎಲ್ಲಾ ಊರೂ ಕಾಣುತ್ತವೆ.

ನನ್ನನ್ನು ಕೆಣಕಿದ್ದು ಮಾತ್ರ ಒಂದು ನಟ್. ಡೋನಟ್ ಅಂಗಡಿಯೊಂದರ ಮುಂದೆ ದೊಡ್ಡ ನಟ್‌ನ ಬೊಂಬೆ ಇತ್ತು. ಬೋಲ್ಟಿಗೆ ಹಾಕುವ, ಆರು ಮೂಲೆಯ ನಟ್. ತಮಾಷೆಯೇ ಅದು. ಹೊಸ ಆವೃತ್ತಿಯಲ್ಲಿ ಅದರ ಮೂಲೆಗಳನ್ನೆಲ್ಲ ನುಣ್ಣಗೆ ಮಾಡಿ ದುಂಡಗೆ ಮಾಡಿಬಿಟ್ಟಿದ್ದರು. ಒಬ್ಬ ಮನುಷ್ಯ ಕೂತು ಅಂಗಡಿಯ ಬೋರ್ಡ್ ಓದಿದ್ದರೆ ಹೀಗಾಗುತ್ತಿರಲಿಲ್ಲ. ಆರು ಮೂಲೆ ಇಲ್ಲದ ನಟ್‌ಗೆ ಸ್ಪ್ಯಾನರ್ ಹಾಕುವುದು ಹೇಗೆ ಅಂತ ನಾನು ಮೊದಲ ವರ್ಷದವರಿಗೆ ಪ್ರಶ್ನೆ ಕೇಳಿದ್ದೂ ಉಂಟು. ಜಿಟಿಎ ಕಂಪನಿ ರಾಕ್‌ಸ್ಟಾರ್ ಆಮೇಲೆ ಕ್ಷಮೆ ಕೇಳಿತು, ಹಳೇ ಆವೃತ್ತಿಗಳನ್ನೂ ಪಿಸಿಯಲ್ಲಿ ಮತ್ತೆ ಮಾರಾಟಕ್ಕಿಟ್ಟಿತು.

ಸೋನಿಯ ಆನ್‌ಲೈನ್ ಶೂಟಿಂಗ್ ಗೇಮ್ ಕಾಂಕರ್ಡ್ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ. 2024ರ ಆಗಸ್ಟ್ 23ಕ್ಕೆ ಬಂತು, ಸೆಪ್ಟೆಂಬರ್ 6ಕ್ಕೆ ಮುಚ್ಚಿತು, ದುಡ್ಡು ವಾಪಸ್ ಕೊಟ್ಟರು. ರೆಡ್‌ಫಾಲ್ ಅನ್ನುವ ಇನ್ನೊಂದು ಸೋತ ಗೇಮ್ ಹೆಸರು ಎತ್ತಿದರೆ ನನಗೆ ಬೇಜಾರಾಗುತ್ತದೆ, ಯಾಕಂದರೆ ಅದನ್ನು ಮಾಡಿದ ಜನರೇ 2017ರಲ್ಲಿ ಪ್ರೇ ಅನ್ನುವ ಗೇಮ್ ಮಾಡಿದ್ದರು. ಪ್ರೇ ಆಡಿಲ್ಲದಿದ್ದರೆ ಇದನ್ನು ಓದುವುದು ಬಿಟ್ಟು ಹೋಗಿ ಆಡಿ.

ಕೆಟ್ಟದಾಗಿ ಬಂದ ಗೇಮ್ ಆಮೇಲೆ ಸರಿಹೋಗಲಿಲ್ಲವೇ ಅಂತ ಹುಡುಗರು ಇಲ್ಲಿ ಸೈಬರ್‌ಪಂಕ್ ಗೇಮ್‌ನ ಹೆಸರು ಎತ್ತುತ್ತಾರೆ. ಅದು 2020ರ ಡಿಸೆಂಬರ್‌ನಲ್ಲಿ ಬಂದಾಗ ಹಳೇ ಕನ್ಸೋಲ್‌ಗಳಲ್ಲಿ ಎಷ್ಟು ಗೋಳಾಡಿತು ಅಂದರೆ ಸೋನಿ ಒಂದೇ ವಾರದಲ್ಲಿ ತನ್ನ ಅಂಗಡಿಯಿಂದ ತೆಗೆದುಹಾಕಿತು. ಆರು ತಿಂಗಳು ಅಲ್ಲಿ ಸಿಗಲೇ ಇಲ್ಲ. ಆದರೆ ಅದು ಮುರಿದಿತ್ತು, ಸಪ್ಪೆ ಇರಲಿಲ್ಲ. ಆ ಮುರುಕು ಆಟದಲ್ಲೂ ಪಾತ್ರಗಳು ಮಾತಾಡಿದರೆ ಕೂತು ಕೇಳಬೇಕು ಅನ್ನಿಸುತ್ತಿತ್ತು. ಒಂದೇ ಕೆಲಸವನ್ನು ನಾಲ್ಕು ದಾರಿಯಲ್ಲಿ ಮಾಡಬಹುದಿತ್ತು. ರಿಪೇರಿ ಮಾಡೋಕೆ ಒಳಗೆ ಒಂದು ವಸ್ತು ಇತ್ತು. 2.0 ಅಪ್‌ಡೇಟ್ ಬಂದಾಗ ಅದು ಮತ್ತೆ ಎದ್ದು ನಿಂತಿತು. ಅದು ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ, ಅಂದರೆ ಸ್ಟಾರ್‌ಫೀಲ್ಡ್ ಬಿಡುಗಡೆಯಾದ ಅದೇ ತಿಂಗಳು. ಸ್ಟಾರ್‌ಫೀಲ್ಡ್‌ಗೂ ಆಮೇಲೆ ಮ್ಯಾಪ್ ಬಂತು, ಗಾಡಿ ಬಂತು, ದುಡ್ಡು ಕೊಟ್ಟು ತಗೊಳ್ಳುವ ಹೊಸ ಕಥೆಯೂ ಬಂತು. ಗಾಡಿಯಲ್ಲಿ ಬೇಗ ಹೋದರೂ ತಲುಪುವುದು ಅದೇ ಲ್ಯಾಬ್‌ಗೆ.

ಸಾಧಾರಣ ಅಂತ ಒಪ್ಪಿಕೊಂಡೂ ನಾನು ಶಿಫಾರಸು ಮಾಡುವ ಗೇಮ್ ಒಂದಿದೆ, ಪುಣೆಯ ನಾಡಿಂಗ್ ಹೆಡ್ಸ್‌ನವರ ರಾಜಿ. 2020ರದ್ದು. ಹೊಡೆದಾಟ ಸ್ವಲ್ಪ ಹೊತ್ತಿಗೇ ಒಂದೇ ಥರ ಅನ್ನಿಸುತ್ತದೆ. ಕ್ಯಾಮೆರಾ ಕೆಲವು ಕಡೆ ಎಲ್ಲಿ ನೆಗೆಯಬೇಕು ಅನ್ನುವುದನ್ನೇ ಸರಿಯಾಗಿ ತೋರಿಸುವುದಿಲ್ಲ. ಕಥೆ ಬಿಸಿ ಏರುವ ಹೊತ್ತಿಗೆ ಪಟ್ ಅಂತ ಮುಗಿದುಹೋಗುತ್ತದೆ, ಮುಗಿದದ್ದು ನಿಜವೇ ಅಂತ ಅನುಮಾನ ಬರುವ ಹಾಗೆ. ಆದರೂ ಆಟದ ನಾಯಕಿ, ರಾಜಿ ಅನ್ನುವ ಹುಡುಗಿ, ಕಂಬ ಹಿಡಿದು ಗಿರ್ರನೆ ತಿರುಗಿ ತ್ರಿಶೂಲ ಬೀಸುವುದರಲ್ಲಿ ಒಂದು ಮಜಾ ಇದೆ. ರಾಜಸ್ಥಾನದ ಕೋಟೆಗಳ ಥರದ ಗೋಡೆಗಳ ಮೇಲೆ ಓಡುವಾಗ ಸುಮ್ನೆ ನಿಂತು ನೋಡೋಣ ಅನ್ನಿಸುತ್ತದೆ. ಕಥೆ ಹೇಳುವ ಭಾಗಗಳು ನಮ್ಮ ತೊಗಲುಗೊಂಬೆಯಾಟದ ಹಾಗೆ ನೆರಳುಗೊಂಬೆಗಳಲ್ಲಿವೆ. ಸೇಲ್‌ನಲ್ಲಿ ಬಂದರೆ ತಗೊಳ್ಳಿ, ಒಂದು ಭಾನುವಾರಕ್ಕೆ ಸಾಕು. ಆ ಗೊಂಬೆಗಳ ದೃಶ್ಯವನ್ನು ಮಾತ್ರ ಸ್ಕಿಪ್ ಮಾಡಬೇಡಿ.