ಲೈಸೆನ್ಸ್ ಅಂಗಡಿಗೆ ಇದೆ, ರೇಜರ್ ಹಿಡಿಯುವ ಕೈಗೆ?

ವಿಜಯಪುರದಲ್ಲಿ ಕಟಿಂಗ್ ಅಂಗಡಿ ನಡೆಸುತ್ತೇನೆ. ಕೆಲಸ ಕಲಿಯಲು ಬರುವ ಹುಡುಗರ ಕೈಗೆ ಮೊದಲು ಕತ್ತರಿ ಕೊಡುವುದಿಲ್ಲ. ದಾಡಿ ಮಾಡುವ ರೇಜರ್ ಬಿಚ್ಚಿ ತೊಳೆಯುವುದನ್ನು ಕಲಿಸುತ್ತೇನೆ. "ಅಣ್ಣಾ, ಬ್ಲೇಡ್ ಹೊಸಾದು ಹಾಕ್ತೀವಲ್ಲ, ಮತ್ಯಾಕ ಇದು?" ಎಂದು ಕೇಳುತ್ತಾರೆ.

ಗಿರಾಕಿಗಳೂ ಹಾಗೇ ನಂಬಿದ್ದಾರೆ. ಎದುರಿಗೆ ಹೊಸ ಬ್ಲೇಡ್ ಬಿಚ್ಚಿದರೆ ಸಾಕು, ಎಲ್ಲ ಸರಿ. ಬ್ಲೇಡ್ ಬದಲಿಸುವುದು ಒಳ್ಳೆಯ ರೂಢಿಯೇ. ಆದರೆ ಬ್ಲೇಡ್ ಕೂರುವ ಹಿಡಿಕೆಯ ಸಂದಿಯಲ್ಲಿ ನೊರೆ, ಕೂದಲು, ಕಣ್ಣಿಗೆ ಕಾಣದಷ್ಟು ರಕ್ತ ಉಳಿಯಬಹುದು. ಲಿವರ್‌ಗೆ ಸೋಂಕು ತರುವ ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಬದುಕುತ್ತದೆ. ಪಟಿಕದ ಕಲ್ಲಿನ ಕಥೆ ಇನ್ನೂ ಕೆಟ್ಟದ್ದು. ಒಬ್ಬರ ಗಾಯಕ್ಕೆ ಉಜ್ಜಿದ ಕಲ್ಲನ್ನೇ ಇನ್ನೊಬ್ಬರ ಗಾಯಕ್ಕೆ ಉಜ್ಜುವುದು! ನಮ್ಮಲ್ಲಿ ಪಟಿಕದ ಪುಡಿಯನ್ನು ಹತ್ತಿಯಿಂದ ಹಚ್ಚಿ, ಆ ಹತ್ತಿ ಎಸೆಯುತ್ತೇವೆ.

ರೇಜರ್ ಹಿಡಿಕೆಯನ್ನು ಲೋಷನ್ ನೀರಲ್ಲಿ ಸುಮ್ನೆ ಒಮ್ಮೆ ಅದ್ದಿ ತೆಗೆದರೆ ಆಗುವುದಿಲ್ಲ. ಮೊದಲು ಸೋಪು ಹಾಕಿ ಬ್ರಷ್‌ನಿಂದ ಉಜ್ಜಬೇಕು. ಕೊಳೆ ಇದ್ದರೆ ಔಷಧಿ ಕೆಲಸ ಮಾಡುವುದಿಲ್ಲ. ಆಮೇಲೆ ಬ್ಲೀಚ್ ನೀರಲ್ಲಿ 10 ನಿಮಿಷ ಮುಳುಗಿಸಿ, ತೊಳೆದು ಒರೆಸಬೇಕು, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ. ಭಾನುವಾರದ ಗದ್ದಲದಲ್ಲಿ ಅಷ್ಟು ಹೊತ್ತು ಕಾಯುವವರು ಯಾರು? ಅದಕ್ಕೇ ಪ್ರತಿ ಕುರ್ಚಿಗೂ ಹೆಚ್ಚುವರಿ ಹಿಡಿಕೆಗಳನ್ನು ಇಟ್ಟಿದ್ದೇನೆ.

ಇದನ್ನೆಲ್ಲ ಯಾರೂ ನನ್ನಿಂದ ಮಾಡಿಸಿ ನೋಡಿಲ್ಲ. ಗೋಡೆ ಮೇಲೆ ಪಾಲಿಕೆಯ ಉದ್ದಿಮೆ ಪರವಾನಗಿ ಇದೆ. 1961ರ ಅಂಗಡಿ ಕಾಯ್ದೆಯ ನೋಂದಣಿ ಇದೆ, ಅದು ಕೆಲಸದ ಹೊತ್ತು, ವಾರದ ರಜೆಯ ವಿಷಯ. ಎರಡೂ ಅಂಗಡಿಗೆ ಸೇರಿದವು. ರೇಜರ್ ಹಿಡಿಯುವವನಿಗೆ ನಮ್ಮಲ್ಲಿ ಲೈಸೆನ್ಸ್ ಬೇಕಿಲ್ಲ. ಅಮೆರಿಕದ ಮಿನ್ನೆಸೋಟಾ ರಾಜ್ಯ 1897ರಲ್ಲೇ ಅದನ್ನು ತಂದಿತು. ಈಗ ಅಲ್ಲಿನ ಎಷ್ಟೋ ರಾಜ್ಯಗಳಲ್ಲಿ 1,000 ಗಂಟೆ ಅಥವಾ ಅದಕ್ಕೂ ಜಾಸ್ತಿ ತರಬೇತಿ ಕಡ್ಡಾಯ. ಇಂಗ್ಲೆಂಡಿನಲ್ಲಿ ಇಂಥ ಲೈಸೆನ್ಸ್ ಕಡ್ಡಾಯವಿಲ್ಲ.

ಸಾವಿರ ಗಂಟೆಯ ನಿಯಮ ನನಗೂ ಬೇಡ. ಇಂಡಿ, ಸಿಂದಗಿ ಕಡೆಯ ಬಡ ಹುಡುಗ ಅಷ್ಟು ದಿನ ಫೀಸು ಕಟ್ಟಿ, ದುಡಿಮೆ ಬಿಟ್ಟು ಹೇಗೆ ಕಲಿಯುತ್ತಾನೆ? ಅಪ್ಪನಿಂದ, ಕಾಕಾನಿಂದ ಕಲಿತ ಕಸುಬು ಅಪರಾಧ ಆಗಬಾರದು. ಕಟಿಂಗ್ ಕೆಟ್ಟರೆ ಕೂದಲು ಮತ್ತೆ ಬೆಳೆಯುತ್ತದೆ, ಗಿರಾಕಿ ಬೇರೆ ಅಂಗಡಿ ಹುಡುಕುತ್ತಾನೆ. ಅದಕ್ಕೆ ಸರ್ಕಾರ ಯಾಕೆ? ಆದರೆ ಲಿವರ್‌ಗೆ ಸೋಂಕು ತಗುಲಿದ್ದು ಅವನಿಗೆ ತಿಂಗಳುಗಟ್ಟಲೆ ಗೊತ್ತೇ ಆಗದಿರಬಹುದು. ಯಾವ ಕುರ್ಚಿಯಿಂದ ಬಂತು ಅಂತ ಹೇಳುವುದೂ ಕಷ್ಟ. ಗಿರಾಕಿ ತಾನೇ ನೋಡಿ ತಿಳಿಯಲಾಗದ ಇಂಥ ಕಡೆ ನಿಯಮ ಬೇಕೇ ಬೇಕು.

ಕೇಂದ್ರ ಸರ್ಕಾರ 2023ರಲ್ಲಿ ಶುರುಮಾಡಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ನಮ್ಮದೂ ಇದೆ. ತರಬೇತಿಗೆ ದಿನಕ್ಕೆ 500 ರೂಪಾಯಿ ಭತ್ಯೆಯೂ ಸಿಗುತ್ತದೆ. ಹೀಗೆ ಕೂಲಿ ಕೆಡದಂತೆ ಕೆಲವೇ ದಿನ ಕಲಿಸಿ, ಪರೀಕ್ಷೆ ಮಾಡಿ, ಪಾಸಾದವನಿಗೆ ಕಾರ್ಡ್ ಕೊಡಲಿ. ಪರೀಕ್ಷೆಯಲ್ಲಿ ಹುಡುಗ ಹಿಡಿಕೆ ತೊಳೆದು ತೋರಿಸಲಿ. ಕೂದಲಿಗೆ ಬಣ್ಣ ಹಚ್ಚುವ 48 ಗಂಟೆ ಮೊದಲು ಚರ್ಮಕ್ಕೆ ಸ್ವಲ್ಪ ಹಚ್ಚಿ ನೋಡುವುದು ಯಾಕೆ ಅಂತ ಹೇಳಲಿ. ಕುತ್ತಿಗೆ ಲಟಕ್ ಅನ್ನಿಸು ಎನ್ನುವ ಗಿರಾಕಿಗೆ ಏನು ಉತ್ತರ ಕೊಡುತ್ತಾನೆ ಅಂತಲೂ ಕೇಳಲಿ. ನಮ್ಮ ಹುಡುಗರಿಗೆ ನಾನು ಹೇಳಿಕೊಟ್ಟ ಉತ್ತರ ಇದು: "ಕಾಕಾ, ತಲಿ ಮಾಲೀಶ್ ಮಾಡ್ತೀನಿ, ಕುತಗಿ ತಿರುವಂಗಿಲ್ಲ. ಒಳಗ ರಕ್ತನಾಳಕ್ಕ ಪೆಟ್ಟ ಬಿದ್ರ ಲಕ್ವಾ ಹೊಡಿಬಹುದು."