ಅಂಡಮಾನ್‌ನಲ್ಲಿ ಸ್ನಾರ್ಕೆಲಿಂಗ್: ಪುಟ್ಟ ಹವಳಮೀನುಗಳನ್ನು ಗುರುತಿಸುವ ಬಗೆ

ಸ್ನಾರ್ಕೆಲಿಂಗ್ ಎಂದರೆ ಮಾಸ್ಕ್ ಮತ್ತು ಉಸಿರಾಟದ ಕೊಳವೆ ಹಾಕಿ, ನೀರಿನ ಮೇಲೆ ತೇಲುತ್ತ ಕೆಳಗೆ ನೋಡುವುದು. ಹೀಗೆ ಅಂಡಮಾನ್‌ನ ನೀರಿಗಿಳಿದವರು ಮೊದಲು ನೋಡುವುದು ಬಣ್ಣವನ್ನು. ಆದರೆ ಬಣ್ಣವನ್ನೇ ನೆಚ್ಚಿಕೊಂಡರೆ ಮೀನಿನ ಹೆಸರು ಸಿಗುವುದಿಲ್ಲ. ಗಿಳಿಮೀನಿನ ಮರಿ, ಹೆಣ್ಣು, ಬಲಿತ ಗಂಡು ಒಂದರಂತೆ ಇನ್ನೊಂದು ಇರುವುದಿಲ್ಲ. ಹಾಗಾಗಿ ಮೊದಲು ಮೈಯ ಆಕಾರ, ಆಮೇಲೆ ಈಜುವ ರೀತಿ, ಕೊನೆಗೆ ಪಟ್ಟೆ ಮತ್ತು ಬಾಲ ನೋಡಿ.

ಹೊಸಬರಿಗೆ ಎರಡು ಜಾಗ ಅನುಕೂಲ: ಹ್ಯಾವ್‌ಲಾಕ್, ಅಂದರೆ ಈಗಿನ ಸ್ವರಾಜ್ ದ್ವೀಪದ ಎಲಿಫೆಂಟ್ ಬೀಚ್, ನೀಲ್, ಅಂದರೆ ಶಹೀದ್ ದ್ವೀಪದ ಭರತ್‌ಪುರ ಬೀಚ್. ಜನವರಿಯಿಂದ ಏಪ್ರಿಲ್‌ವರೆಗೆ ಸಮುದ್ರ ಶಾಂತ, ನೀರು ತಿಳಿ. ಭರತ್‌ಪುರದಲ್ಲಿ ಇಳಿತದ ಹೊತ್ತಿಗೆ ಹೋದರೆ ಹವಳದ ಮೇಲೆ ಈಜುವಷ್ಟು ನೀರೇ ಇರುವುದಿಲ್ಲ, ಮೊಣಕಾಲು ತರಚುತ್ತದೆ, ಹವಳವೂ ಮುರಿಯುತ್ತದೆ. ಟಿಕೆಟ್ ಮಾಡುವ ಮೊದಲೇ ಆ ದಿನದ ಉಬ್ಬರದ ವೇಳೆ ನೋಡಿಕೊಳ್ಳಿ. ಬೆಳಿಗ್ಗೆ 9ರಿಂದ 11ರೊಳಗೆ ಉಬ್ಬರವಿದ್ದರೆ ಅದಕ್ಕಿಂತ ಒಳ್ಳೆಯ ದಿನವಿಲ್ಲ.

ಬಾಡಿಗೆ ಮಾಸ್ಕ್‌ಗೆ ಮಂಜು ಕಟ್ಟಿದರೆ ಎಲ್ಲವೂ ವ್ಯರ್ಥ. ಒಳಗಾಜಿಗೆ ಒಂದು ಹನಿ ಬೇಬಿ ಶಾಂಪೂ ಸವರಿ, ಸಮುದ್ರದ ನೀರಿನಲ್ಲಿ ಸ್ವಲ್ಪವೇ ತೊಳೆಯಿರಿ. ಮೀಸೆಯಿದ್ದವರಿಗೆ ಅಂಚಿನಿಂದ ನೀರು ನುಗ್ಗುತ್ತದೆ. ಮೂಗಿನ ಕೆಳಗೆ ತುಸು ವ್ಯಾಸಲೀನ್ ಹಚ್ಚಿದರೆ ಕಡಿಮೆಯಾಗುತ್ತದೆ. ಕನ್ನಡಕ ಹಾಕುವವರು ಪವರ್ ಇರುವ ಮಾಸ್ಕ್ ಊರಿನಿಂದಲೇ ಒಯ್ಯುವುದು ಲೇಸು.

ಗೈಡ್ ರಬ್ಬರ್ ಟ್ಯೂಬ್ ಹಿಡಿಸಿ ಎಳೆದುಕೊಂಡು ಹೋಗುತ್ತಾರೆ. ಆ ವೇಗದಲ್ಲಿ ಏನೂ ಗುರುತಾಗದು. "ಒಂದೇ ಹವಳದ ಮೇಲೆ ಐದು ನಿಮಿಷ ನಿಲ್ಲಿಸಿ" ಎಂದು ಮೊದಲೇ ಹೇಳಿ. ಕಾಲು ಬಡಿಯದೆ ತೇಲುತ್ತಿದ್ದರೆ ಅಡಗಿದ ಮೀನುಗಳು ಒಂದೊಂದಾಗಿ ಹೊರಬರುತ್ತವೆ. ಕೊಂಬೆಹವಳದಿಂದ ಹೀಗೆ ಹೊರಬರುವ ಬೆರಳುದ್ದದ, ಬಿಳಿ ಮೈಗೆ ಮೂರು ಕಪ್ಪು ಪಟ್ಟೆಯ ಮೀನು ಹಂಬಗ್ ಡ್ಯಾಮ್ಸೆಲ್. ನೆರಳು ಬಿದ್ದೊಡನೆ ಇಡೀ ಗುಂಪು ಕೊಂಬೆಗಳೊಳಗೆ ಮಾಯ.

ಮೇಲ್ನೀರಿನಲ್ಲಿ ನಿಮ್ಮ ಸುತ್ತಲೇ ಸುಳಿಯುವುದು ಸಾರ್ಜೆಂಟ್ ಮೀನು. ಇದರಲ್ಲಿ ಎರಡು ಜಾತಿಗಳನ್ನು ಬೇರ್ಪಡಿಸಲು ಬಾಲ ನೋಡಿ: ಬಾಲದ ಎರಡೂ ಕವಲಿಗೆ ಕಪ್ಪು ಗೀರಿದ್ದರೆ ಕತ್ತರಿಬಾಲದ ಸಾರ್ಜೆಂಟ್, ಗೀರಿಲ್ಲದೆ ಬೆನ್ನು ಹಳದಿಯಾಗಿದ್ದರೆ ಇಂಡೋ-ಪೆಸಿಫಿಕ್ ಸಾರ್ಜೆಂಟ್. ಬ್ರೆಡ್ ಹಾಕಿ ಕರೆಯಬೇಡಿ. ಇವೇ ಮುತ್ತಿಕೊಂಡು ಉಳಿದ ಮೀನು ಕಾಣದಂತಾಗುತ್ತದೆ, ಮೀನಿಗೂ ಅದು ಆಹಾರವಲ್ಲ.

ಬೆನ್ನಿನಿಂದ ಉದ್ದನೆಯ ಬಿಳಿ ಎಳೆ ಚಾಚಿದ ಮೀನು ಕಂಡರೆ ಬಹಳ ಮಂದಿ ಮೂರಿಶ್ ಐಡಲ್ ಎಂದುಬಿಡುತ್ತಾರೆ. ಬಾಲ ಕಪ್ಪಾಗಿದ್ದರೆ ಮಾತ್ರ ಅದು ಸರಿ. ಹಳದಿಯಾಗಿದ್ದರೆ ಬ್ಯಾನರ್‌ಫಿಶ್, ಚಿಟ್ಟೆಮೀನಿನ ಕುಲದ್ದು. ಚಿಟ್ಟೆಮೀನಿಗೂ ಏಂಜಲ್ ಮೀನಿಗೂ ಗೊಂದಲವಾದರೆ ಕೆನ್ನೆ ನೋಡಿ: ಕಿವಿರುಮುಚ್ಚಳದ ಕೆಳಮೂಲೆಯಲ್ಲಿ ಹಿಂದಕ್ಕೆ ಚಾಚಿದ ಮುಳ್ಳಿದ್ದರೆ ಏಂಜಲ್.

ಬಾಲ ಆಡಿಸದೆ ಎದೆಯ ರೆಕ್ಕೆಗಳನ್ನೇ ಬಡಿಯುತ್ತ ಸಾಗುವುದು ರ್‍ಯಾಸ್ ಎಂಬ ಮೀನು, ಇಲ್ಲವೇ ಗಿಳಿಮೀನು. ರ್‍ಯಾಸ್‌ಗಳಲ್ಲೇ ಪುಟ್ಟದೊಂದು, ನೀಲಿ ಮೈಗೆ ಕಪ್ಪು ಗೆರೆಯುಳ್ಳದ್ದು, ದೊಡ್ಡ ಮೀನುಗಳ ಕಿವಿರು, ಬಾಯಿ ಹೊಕ್ಕು ಪರಾವಲಂಬಿ ಹುಳು ತಿನ್ನುತ್ತದೆ. ಕ್ಲೀನರ್ ರ್‍ಯಾಸ್ ಅದು. ಥೇಟ್ ಅದರಂತೆಯೇ ವೇಷ ಹಾಕಿ ದೊಡ್ಡ ಮೀನುಗಳ ರೆಕ್ಕೆ ಕಚ್ಚಿ ಓಡುವ ಬ್ಲೆನ್ನಿ ಎಂಬ ಇನ್ನೊಂದು ಪುಟ್ಟ ಮೀನೂ ಉಂಟು. ಬಾಯಿ ಮೂತಿಯ ತುದಿಯಲ್ಲಿದ್ದರೆ ಅಸಲಿ, ಮೂತಿಯ ಅಡಿಯಲ್ಲಿದ್ದರೆ ನಕಲಿ.

ಕಂಡದ್ದನ್ನು ಪ್ಲಾಸ್ಟಿಕ್ ಸ್ಲೇಟಿನ ಮೇಲೆ ಪೆನ್ಸಿಲಿನಲ್ಲಿ ಗೀಚಿಕೊಳ್ಳಿ. ಪಟ್ಟೆ ಎಷ್ಟು, ಬಾಲ ಹೇಗೆ, ಅಷ್ಟೇ ಸಾಕು. ಫೋಟೊ ತೆಗೆಯುವುದಾದರೆ ಮೇಲಿನಿಂದಲ್ಲ, ಮೀನು ಪಕ್ಕಕ್ಕೆ ತಿರುಗಿದಾಗ ತೆಗೆಯಿರಿ. ಬೆನ್ನಷ್ಟೇ ಕಾಣುವ ಚಿತ್ರದಿಂದ ಯಾರೂ ಜಾತಿ ಹೇಳಲಾರರು.