ಗಂಡೆದೆ, ಹೆಂಗರುಳು ಮತ್ತು ಒಂದು ಬಾಕ್ಸಿಂಗ್ ಸಿನಿಮಾ

ಶನಿವಾರ, 14 ಜೂನ್ 2025

ಆಫೀಸಿನವರೆಲ್ಲ ಸೇರಿ ಸಿನಿಮಾಕ್ಕೆ ಹೋಗೋಣ ಅಂತ ನಿನ್ನೆ ಮಾತಾಯಿತು. ಒಂದು ಪ್ರೇಮಕಥೆ, ಇನ್ನೊಂದು ಹೊಡೆದಾಟದ್ದು. "ಹುಡುಗೀರದ್ದು ಲವ್ ಸ್ಟೋರಿಗೇ ಅಂತ ಬರ್ಕೊಳ್ಳಿ, ಕೇಳೋದೇ ಬೇಡ" ಎಂದ ಒಬ್ಬ. ನಾನು ಹೊಡೆದಾಟಕ್ಕೆ ಕೈ ಎತ್ತಿದೆ. ಎಲ್ಲರೂ ನಕ್ಕರು. ತಮಾಷೆಗೆ ಎತ್ತಿದ್ದೇನೆ ಅಂದುಕೊಂಡರು, ಅದೇ ಸಿಟ್ಟು ಬಂದಿದ್ದು.

ನನಗೆ ಫೈಟ್ ಇಷ್ಟವಾಗುವುದು ರಕ್ತಕ್ಕಲ್ಲ. ಯಾರು ಎಲ್ಲಿ ನಿಂತಿದ್ದಾರೆ, ಯಾವ ಕಡೆಯಿಂದ ಏಟು ಬರುತ್ತದೆ, ಆಮೇಲೆ ಎಲ್ಲಿಗೆ ಬೀಳುತ್ತಾನೆ, ಇದೆಲ್ಲ ನನಗೆ ಸ್ಪಷ್ಟವಾಗಿ ಕಾಣಬೇಕು. ಕ್ಯಾಮೆರಾ ಅಲ್ಲಾಡಿಸಿ ಗಜಿಬಿಜಿ ಮಾಡುವವರನ್ನು ಕಂಡರೆ ಆಗುವುದಿಲ್ಲ. ಈ ವಿಷಯದಲ್ಲಿ ನನ್ನ ಅಳತೆಗೋಲು 2015ರ 'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್'. ಶಾಟ್‌ಗಳು ಪಟಪಟ ಬದಲಾಗುತ್ತವೆ, ಆದರೂ ಕಣ್ಣು ದಾರಿ ತಪ್ಪುವುದಿಲ್ಲ. ನೋಡಬೇಕಾದ್ದನ್ನು ಹೆಚ್ಚಾಗಿ ಪರದೆಯ ನಡುಮಧ್ಯದಲ್ಲೇ ಇಟ್ಟಿದ್ದಾರೆ, ಹುಡುಕುವ ಕೆಲಸವೇ ಇಲ್ಲ. ಸುಮಾರು 480 ಗಂಟೆಯಷ್ಟು ಚಿತ್ರೀಕರಣವನ್ನು ಎರಡು ಗಂಟೆಗೆ ಇಳಿಸಿದ್ದು ಮಾರ್ಗರೆಟ್ ಸಿಕ್ಸೆಲ್. ಆಕೆ ಅದಕ್ಕೂ ಮೊದಲು ಆ್ಯಕ್ಷನ್ ಸಿನಿಮಾ ಸಂಕಲನ ಮಾಡಿದವರೇ ಅಲ್ಲ. ಆಸ್ಕರ್ ಬಂತು. ನಿನ್ನೆ ಇದನ್ನೆಲ್ಲ ಹೇಳಬೇಕಿತ್ತು. ನನಗೆ ಇಂಥದ್ದೆಲ್ಲ ಹೊಳೆಯುವುದು ಮಾರನೇ ದಿನ.

ತಮ್ಮನ ಕಥೆ ಉಲ್ಟಾ. ಅವನಿಗೆ ಅಳುವ ಸಿನಿಮಾ ಬೇಕು. ಅಗಲಿಕೆ, ಸಿಗದ ಕಾಗದ, ತಡವಾಗಿ ಗೊತ್ತಾಗುವ ಪ್ರೀತಿ. ನೋಡುವಾಗ ಗೆಳೆಯರ ಫೋನ್ ಬಂದರೆ ವಾಲ್ಯೂಮ್ ಕಮ್ಮಿ ಮಾಡಿ "ಮ್ಯಾಚ್ ನೋಡ್ತಿದೀನಿ ಕಣೋ" ಅನ್ನುತ್ತಾನೆ. ಪಾಪ, ಅವನದೂ ತಪ್ಪಲ್ಲ. ಅಳುವ ಗಂಡಸನ್ನು ನಂಬಬೇಡ, ನಗುವ ಹೆಂಗಸನ್ನು ನಂಬಬೇಡ ಅಂತ ಗಾದೆ ಮಾಡಿಟ್ಟಿದ್ದಾರೆ. ಧೈರ್ಯಕ್ಕೆ ಗಂಡೆದೆ, ಕನಿಕರಕ್ಕೆ ಹೆಂಗರುಳು. ಇರುವ ಒಂದು ಮೈಯಲ್ಲೇ ಎದೆ ಅವರಿಗೆ, ಕರುಳು ಇವರಿಗೆ ಅಂತ ಪಾಲು ಮಾಡಿ ಮುಗಿಸಿದ್ದಾರೆ! ನನಗಂತೂ ಚಿಕ್ಕಂದಿನಲ್ಲೇ ಗಂಡುಬೀರಿ ಅನ್ನೋ ಬಿರುದು ಸಿಕ್ಕಿತ್ತು.

ಇವತ್ತು ಸಂಜೆ ಇಬ್ಬರೂ ಸೇರಿ ಒಂದೇ ಸಿನಿಮಾ ನೋಡಿದೆವು. 1979ರ 'ದಿ ಚಾಂಪ್'.

"ಅಕ್ಕ, ಬಾಕ್ಸಿಂಗ್ ಅಂದ್ರೆ ನಂಗೆ ನಿದ್ದೆ ಬರುತ್ತೆ."

"ಸುಮ್ನೆ ಕೂತ್ಕೋ."

ಬೇಕಂತಲೇ ಅವನಿಗೆ ಏನೂ ಹೇಳಿರಲಿಲ್ಲ. ಕೊನೆಯಲ್ಲಿ ಬಾಕ್ಸರ್ ಅಪ್ಪ ಗೆದ್ದು ಬಂದು ಸಾಯುತ್ತಾನೆ, ಪುಟ್ಟ ಮಗ ಎಬ್ಬಿಸಲು ನೋಡುತ್ತಾನೆ. ಮನೋವಿಜ್ಞಾನಿಗಳಾದ ಜೇಮ್ಸ್ ಗ್ರಾಸ್, ರಾಬರ್ಟ್ ಲೆವೆನ್ಸನ್ ಯಾವ ದೃಶ್ಯ ಯಾವ ಭಾವನೆ ಹುಟ್ಟಿಸುತ್ತದೆ ಅಂತ ಜನರಿಗೆ ತೋರಿಸಿ ಪರೀಕ್ಷಿಸಿದ್ದರು. 1995ರಲ್ಲಿ ಅವರು ಪ್ರಕಟಿಸಿದ ಪಟ್ಟಿಯಲ್ಲಿ ದುಃಖಕ್ಕೆ ಆರಿಸಿದ್ದರಲ್ಲಿ ಈ ದೃಶ್ಯವೂ ಇತ್ತು. ಪ್ರಯೋಗಗಳಲ್ಲಿ ಜನರನ್ನು ದುಃಖಪಡಿಸಬೇಕಾದರೆ ಇದನ್ನು ಹಾಕುತ್ತಾರೆ. ಅಂದರೆ ಕೈಗವಸು ತೊಟ್ಟು, ಬೆವರು ಸುರಿಸಿಕೊಂಡು ಬಂದ ಪಕ್ಕಾ ಗಂಡಸರ ಸಿನಿಮಾ! ಇದು 1931ರ ಚಿತ್ರದ ಮರುರೂಪ. ಆ ಮೂಲ ಕಥೆ ಬರೆದು ಆಸ್ಕರ್ ಪಡೆದದ್ದು ಫ್ರಾನ್ಸಿಸ್ ಮೇರಿಯನ್ ಎಂಬ ಹೆಂಗಸು. ಜೈಲಿನ ಕಥೆ ಬರೆದು ಮೊದಲ ಆಸ್ಕರ್ ಪಡೆದವರೂ ಅವರೇ.

ತಮ್ಮ ಗೊಳೋ ಅಂತ ಅತ್ತ. ನನ್ನ ಕಣ್ಣು ಒದ್ದೆಯಾಗಲಿಲ್ಲ. ಕೊನೆಯ ಪಂದ್ಯವನ್ನು ಹಿಂದಕ್ಕೆ ಓಡಿಸಿ ಇನ್ನೊಮ್ಮೆ ನೋಡಬೇಕು ಅನ್ನಿಸುತ್ತಿತ್ತು. ಕೇಳಿದ್ದರೆ ದಿಂಬು ಎಸೆಯುತ್ತಿದ್ದ, ಕೇಳಲಿಲ್ಲ.

ಅಷ್ಟರಲ್ಲಿ ಅವನಿಗೆ ಗೆಳೆಯನ ಫೋನು. ಏನು ಮಾಡ್ತಿದೀಯಾ ಅಂತ ಕೇಳಿರಬೇಕು. "ಅಕ್ಕನ ಜೊತೆ ಬಾಕ್ಸಿಂಗ್ ಸಿನಿಮಾ ನೋಡ್ದೆ" ಎಂದ. ಸುಳ್ಳೇನಲ್ಲ. ಆಮೇಲೆ ಆ ಕಡೆಯಿಂದ ಇನ್ನೇನೋ ಕೇಳಿದರು. ಇವನು ಮೂಗು ಏರಿಸಿಕೊಂಡು, ನನ್ನ ಕಡೆ ನೋಡದೆ, "ಇಲ್ಲ ಕಣೋ, ನೆಗಡಿ" ಎಂದ.